ಹಳೇ ಆರ್‌ಸಿ 390ಗೆ ಯಾವ ಚೈನ್ ಲ್ಯೂಬ್, ಯಾವ ಆಯಿಲ್? ಎಲ್ಲಾ ಹಾಕಿ ನೋಡಿದ್ಮೇಲೆ ನನ್ನ ಲೆಕ್ಕ

ನನ್ನ ಕೆಟಿಎಂ ಆರ್‌ಸಿ 390 ಬೈಕ್ ಎಂಬತ್ತು ಸಾವಿರ ಕಿಲೋಮೀಟರ್ ದಾಟಿದೆ, ಎಂಜಿನ್ ಇನ್ನೂ ಬಿಚ್ಚಿಲ್ಲ, ಕೆಲಸದ ದಿನ ಬೆಂಗಳೂರಿನ ಔಟರ್ ರಿಂಗ್ ರೋಡ್ ಟ್ರಾಫಿಕ್, ಬಿಡುವಾದಾಗ ಹಾಸನ ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿದು ಮಂಗಳೂರು ಕಡೆ. ಅಂದ್ರೆ ಈ ಗಾಡಿಗೆ ಧೂಳೂ ಗೊತ್ತು, ಮಳೆನೂ ಗೊತ್ತು, ಸಿಗ್ನಲ್‌ನಲ್ಲಿ ರೇಡಿಯೇಟರ್ ಫ್ಯಾನ್ ನಿಲ್ಲದೆ ತಿರುಗೋ ಬಿಸಿನೂ ಗೊತ್ತು. ಹೊಸ ಗಾಡಿಲಿ ಯಾವ ಲ್ಯೂಬ್ (ಚೈನ್ ಜಾರೋಕೆ ಹಾಕೋದು), ಯಾವ ಎಂಜಿನ್ ಆಯಿಲ್ ಹಾಕಿದ್ರೂ ವ್ಯತ್ಯಾಸ ಬೇಗ ಗೊತ್ತಾಗಲ್ಲ, ಇಷ್ಟು ಓಡಿದ ಮೇಲೆ ಮಾತ್ರ ಗೇರ್ ಪೆಡಲ್‌ನಲ್ಲೇ ಗೊತ್ತಾಗ್ಬಿಡುತ್ತೆ. ಬ್ರ್ಯಾಂಡ್ ಹೆಸರು ಹೇಳೋಕೆ ಹೋಗಲ್ಲ, ಯಾಕಂದ್ರೆ ಒಂದೇ ಜಾತಿಯ ಎರಡು ಡಬ್ಬದ ನಡುವೆ ನನಗೆ ಅಂಥ ವ್ಯತ್ಯಾಸ ಕಂಡಿಲ್ಲ, ಜಾತಿ ಬದಲಾದಾಗ್ಲೇ ವ್ಯತ್ಯಾಸ ಕಂಡಿದ್ದು.

ಮೊದಲು ಚೈನ್. ನಾನು ಸರದಿ ಪ್ರಕಾರ ಬಳಸಿದ್ದು ಮೂರು: ಅಂಟಂಟಾದ ಬಿಳಿ ಸ್ಪ್ರೇ ಲ್ಯೂಬ್, ಒಣಗಿ ಕೂರೋ ವ್ಯಾಕ್ಸ್ ಸ್ಪ್ರೇ, ಮತ್ತೆ ಎಲ್ಲಾ ಮೆಕ್ಯಾನಿಕ್‌ಗಳ ಹತ್ರನೂ ಇರೋ 90 ನಂಬರ್ ಗೇರ್ ಆಯಿಲ್.

ಇಲ್ಲಿ ಒಂದು ವಿಷಯ ತಿಳ್ಕೊಂಡ್ರೆ ಉಳಿದಿದ್ದೆಲ್ಲಾ ಸುಲಭ. ಈ ಗಾಡಿಗಳಲ್ಲಿ ಬರೋದು ಸೀಲ್ಡ್ ಚೈನ್, ಪಿನ್ ಮತ್ತು ಅದರ ಸುತ್ತ ಇರೋ ಕೊಳವೆಯಂಥ ಬುಷ್ ನಡುವೆ ಫ್ಯಾಕ್ಟರಿಲೇ ಗ್ರೀಸ್ ತುಂಬಿ ಎರಡೂ ಕಡೆ ರಬ್ಬರ್ ರಿಂಗ್ ಹಾಕಿ ಮುಚ್ಚಿರ್ತಾರೆ, ಆ ಗ್ರೀಸ್‌ಗೆ ನಾವು ಹೊರಗಿಂದ ಏನೂ ಸೇರಿಸೋಕೆ ಆಗಲ್ಲ. ಆದ್ರೆ ಬುಷ್ ಮೇಲೆ ತಿರುಗೋ ರೋಲರ್ ಇದ್ಯಲ್ಲ, ಅದಕ್ಕೆ ಸೀಲ್ ಇಲ್ಲ, ಸ್ಪ್ರಾಕೆಟ್, ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ, ಅದರ ಹಲ್ಲಿಗೆ ತಾಗೋದೂ ಅದೇ, ಧೂಳು ನುಗ್ಗೋದೂ ಅಲ್ಲಿಗೇ. ಹಾಗಾಗಿ ಲ್ಯೂಬ್ ಮಾಡ್ಬೇಕಾಗಿರೋ ಕೆಲಸ ಏನಂದ್ರೆ ರೋಲರ್ ಒಳಗೆ ಇಳಿಯೋದು, ರಬ್ಬರ್ ರಿಂಗ್ ಒಣಗದ ಹಾಗೆ ನೋಡ್ಕೊಳ್ಳೋದು, ತುಕ್ಕು ಹಿಡಿಯದ ಹಾಗೆ ಕಾಪಾಡೋದು. ಚೈನ್ ಹೊಳೀತಾ ಇದೆಯಾ ಇಲ್ವಾ ಅನ್ನೋದು ಇದಕ್ಕೆಲ್ಲಾ ಸಂಬಂಧವೇ ಇಲ್ಲ.

ಬಿಳಿ ಸ್ಪ್ರೇ ಹೊಡೆಯೋಕೆ ಚೆಂದ, ಎರಡು ನಿಮಿಷದ ಕೆಲಸ, ರಿಮ್ಮಿಗೆ ಸಿಡಿಯಲ್ಲ, ಒಳ್ಳೇ ಹೈವೇಲಿ ಐನೂರು ಆರುನೂರು ಕಿಲೋಮೀಟರ್ ಆರಾಮಾಗಿ ಬರುತ್ತೆ. ಆದ್ರೆ ನಮ್ಮ ಊರಿನ ಅಗೆದು ಬಿಟ್ಟಿರೋ ರೋಡಲ್ಲಿ ಅದರ ಅಂಟೇ ಅದಕ್ಕೆ ಶತ್ರು. ಒಂದು ವಾರ ಮೆಟ್ರೋ ಕೆಲಸ ನಡೀತಿರೋ ಕಡೆ ಓಡಾಡಿ ಆಮೇಲೆ ಚೈನ್ ಒರೆಸಿದ ಬಟ್ಟೆನ ಎರಡು ಬೆರಳ ನಡುವೆ ಉಜ್ಜಿ ನೋಡಿ, ಕಪ್ಪು ಪೇಸ್ಟ್ ಒಳಗೆ ಮರಳು ಕರಕರ ಅನ್ನುತ್ತೆ, ಅದೇ ಪೇಸ್ಟ್ ಪ್ರತಿ ರೋಲರ್ ಅಂಚಲ್ಲೂ ಕೂತಿರುತ್ತೆ, ಒರೆಸಿದ್ರೆ ಮೇಲಿಂದು ಮಾತ್ರ ಹೋಗುತ್ತೆ, ಅಂಚಿಂದು ಬರಬೇಕು ಅಂದ್ರೆ ಕ್ಲೀನರ್ ಹಾಕಿ ಬ್ರಷ್ ಹಿಡೀಲೇಬೇಕು. ಅಂದ್ರೆ ಲ್ಯೂಬ್ ಮಾಡೋದು ಎರಡು ನಿಮಿಷ ಹೌದು, ಕ್ಲೀನ್ ಮಾಡೋದು ಮುಕ್ಕಾಲು ಗಂಟೆ.

ವ್ಯಾಕ್ಸ್ ಬೇಸಿಗೆಯಲ್ಲಿ ನಿಜವಾಗ್ಲೂ ಚೆನ್ನಾಗಿತ್ತು, ಒಣಗಿದ್ಮೇಲೆ ಕೈಗೂ ಅಂಟಲ್ಲ ಧೂಳಿಗೂ ಅಂಟಲ್ಲ. ರಾತ್ರಿ ಹೊಡೆದು ಬೆಳಗ್ಗೆ ತನಕ ಬಿಡಬೇಕು ಅಷ್ಟೇ. ಆದ್ರೆ ಜೂನ್ ಬಂತು ಅಂದ್ರೆ ಕಥೆ ಮುಗೀತು, ಸಕಲೇಶಪುರದಿಂದ ಕೆಳಗೆ ಒಂದು ಜೋರು ಮಳೇಲಿ ಇಳಿದ್ರೆ ಮಾರನೇ ದಿನ ಲಿಂಕ್ ಪ್ಲೇಟ್ ಮೇಲೆ ಕೆಂಪು ತುಕ್ಕು ಶುರು. ಮಳೆ ನಾಡಲ್ಲಿ ಇರೋರಿಗೆ ನಾನಂತೂ ಇದನ್ನ ಹೇಳಲ್ಲ.

ಗೇರ್ ಆಯಿಲ್ ಎಲ್ಲಕ್ಕಿಂತ ಅಗ್ಗ, ಒಂದು ಲೀಟರ್ ತಂದಿಟ್ರೆ ಯಾವ ಕಾಲಕ್ಕೆ ಖಾಲಿ ಆಗುತ್ತೋ ಗೊತ್ತಿಲ್ಲ. ಸಿಡಿಯುತ್ತೆ, ಅದು ಸುಳ್ಳಲ್ಲ, ರಿಮ್ಮು, ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್‌ಆರ್ಮ್ ಎಲ್ಲಾ ಕಪ್ಪು ಚುಕ್ಕಿ, ಮುನ್ನೂರು ನಾನೂರು ಕಿಲೋಮೀಟರ್‌ಗೆ ಮತ್ತೆ ಹಾಕ್ಬೇಕು, ಮಳೇಲಿ ಅದಕ್ಕೂ ಮುಂಚೆ. ಆದ್ರೆ ತೆಳ್ಳಗೆ ಹರಿದು ರೋಲರ್ ಒಳಗೆ ಇಳಿಯೋದ್ರಲ್ಲಿ ಇದನ್ನ ಮೀರಿಸೋದು ಇಲ್ಲ, ಹಾಕಿ ಹತ್ತು ನಿಮಿಷ ಬಿಟ್ಟು ಹೆಬ್ಬೆರಳಿಂದ ಒಂದೊಂದೇ ರೋಲರ್ ತಿರುಗಿಸಿ ನೋಡಿ, ಗಟ್ಟಿಯಾಗಿದ್ದ ರೋಲರ್ರೂ ಬಿಟ್ಕೊಂಡಿರುತ್ತೆ. ಸಿಡಿಯೋವಾಗ ಕೊಳೆನೂ ಜೊತೆಗೆ ಕರ್ಕೊಂಡು ಹೋಗುತ್ತೆ, ಹಾಗಾಗಿ ಪೇಸ್ಟ್ ಕಟ್ಟೋದು ಕಮ್ಮಿ. ನಾನು ಹಾಕೋದು ಸೂಜಿ ತೆಗೆದ ಸಿರಿಂಜ್‌ನಲ್ಲಿ, ಒಳಗಿನ ಕಡೆಯಿಂದ, ಪ್ರತಿ ರೋಲರ್‌ನ ಎರಡೂ ಅಂಚಿಗೆ ಒಂದೊಂದು ಹನಿ, ರಾತ್ರಿ ಹಾಕಿ ಬೆಳಗ್ಗೆ ಬಟ್ಟೆಲಿ ಚೆನ್ನಾಗಿ ಒರೆಸಿಬಿಟ್ರೆ ಸಿಡಿಯೋದು ಅರ್ಧಕ್ಕರ್ಧ ಇಳಿಯುತ್ತೆ. ಟೈರ್ ಮೇಲೆ ಒಂದು ಹನಿನೂ ಉಳೀಬಾರ್ದು, ಓರೆ ಹಾಕಿ ಕರ್ವ್ ತಗೊಳ್ಳೋ ಗಾಡಿ ಇದು, ಹೊರಡೋ ಮುಂಚೆ ಟೈರ್‌ನ ಪಕ್ಕದ ಸೈಡ್‌ವಾಲ್ ಮುಟ್ಟಿ ನೋಡಿ.

ಹಾಗಾಗಿ ಚೈನ್ ವಿಷಯದಲ್ಲಿ ನನ್ನ ಓಟು ಗೇರ್ ಆಯಿಲ್‌ಗೆ. ಇನ್ನೊಂದು ಕಾರಣನೂ ಇದೆ, ಮತ್ತೆ ಮತ್ತೆ ಹಾಕ್ಬೇಕಾಗಿರೋದ್ರಿಂದ ಪ್ರತಿ ವಾರ ಚೈನ್ ಪಕ್ಕ ಕುಕ್ಕರಗಾಲಲ್ಲಿ ಕೂರ್ಲೇಬೇಕಾಗುತ್ತೆ, ಆಗ ಟೆನ್ಷನ್ನೂ ಕಣ್ಣಿಗೆ ಬೀಳುತ್ತೆ. ಈ ಗಾಡಿಲಿ ಸ್ವಿಂಗ್‌ಆರ್ಮ್ ಕೆಳಗಿನ ಪ್ಲಾಸ್ಟಿಕ್ ಗಾರ್ಡ್ ಮುಗಿಯೋ ಜಾಗದ ಹಿಂದೆ ಚೈನ್‌ನ ಮೇಲಕ್ಕೆ ಒತ್ತಿದಾಗ ಸ್ವಿಂಗ್‌ಆರ್ಮ್‌ಗೂ ಚೈನ್‌ಗೂ 5ರಿಂದ 7 ಎಂಎಂ ಗ್ಯಾಪ್ ಇರಬೇಕು, ಮೇಲಿನ ಚೈನ್ ಬಿಗಿಯಾಗಿರೋ ಹಾಗೆ ನೋಡ್ಕೊಂಡು ಅಳೀಬೇಕು. ಹಳೇ ಚೈನ್ ಎಲ್ಲಾ ಕಡೆ ಒಂದೇ ಸಮ ಸವೆದಿರಲ್ಲ, ಚಕ್ರ ತಿರುಗಿಸಿ ನಾಲ್ಕೈದು ಜಾಗದಲ್ಲಿ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿಗೆ ಸೆಟ್ ಮಾಡ್ಕೊಳ್ಳಿ. ಸವೆತ ನೋಡೋಕೆ ಚೈನ್ ಎಳೆದು ಹಿಡಿದು 18 ರೋಲರ್ ಉದ್ದ ಅಳೆಯಿರಿ, 272 ಎಂಎಂ ದಾಟಿದ್ರೆ ಸ್ಪ್ರಾಕೆಟ್ ಸಮೇತ ಬದಲಿಸೋ ಟೈಮ್ ಬಂತು ಅಂತ.

ಕ್ಲೀನ್ ಮಾಡೋಕೆ ಸೀಮೆಎಣ್ಣೆ ಸಿಕ್ರೆ ಅದೇ ಸಾಕು. ಪೆಟ್ರೋಲ್, ಥಿನ್ನರ್ ಬೇಡ, ರಬ್ಬರ್ ರಿಂಗ್ ಹಾಳಾಗುತ್ತೆ, ತಂತಿ ಬ್ರಷ್ಷೂ ಬೇಡ. ಮತ್ತೆ ಗಾಡಿ ಸ್ಟಾರ್ಟ್ ಮಾಡಿ ಫಸ್ಟ್ ಗೇರ್ ಹಾಕಿ ತಿರುಗ್ತಿರೋ ಚೈನ್‌ಗೆ ಬಟ್ಟೆ ಹಿಡಿಯೋರು ಇದಾರೆ, ದಯವಿಟ್ಟು ಬೇಡ, ಬಟ್ಟೆ ಸಿಕ್ಕಾಕೊಂಡ್ರೆ ಬೆರಳು ಸ್ಪ್ರಾಕೆಟ್ ಸೇರುತ್ತೆ. ಹಿಂದಿನ ಚಕ್ರ ಎತ್ತಿ ಹಿಡಿಯೋ ಪ್ಯಾಡಕ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಕೈಯಲ್ಲೇ ತಿರುಗಿಸಿ.

ಇನ್ನು ಎಂಜಿನ್ ಆಯಿಲ್. 15ಡಬ್ಲ್ಯೂ50 ಅನ್ನೋ ಒಂದೇ ದಪ್ಪದ ಗ್ರೇಡಲ್ಲೇ ಸೆಮಿ ಸಿಂಥೆಟಿಕ್ಕೂ ಓಡ್ಸಿದೀನಿ, ಫುಲ್ಲಿ ಸಿಂಥೆಟಿಕ್ಕೂ ಓಡ್ಸಿದೀನಿ. ಎರಡರ ಡಬ್ಬದ ಮೇಲೂ ಜಾಸೋ ಎಂಎ2 ಅಂತ, ಅಂದ್ರೆ ಆಯಿಲ್‌ನಲ್ಲೇ ಮುಳುಗಿರೋ ಬೈಕ್ ಕ್ಲಚ್‌ಗೆ ಸರಿ ಅನ್ನೋ ಗುರುತು, ಇರ್ಲೇಬೇಕು, ಯಾಕಂದ್ರೆ ಇಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಕಾರಿನ ಆಯಿಲ್ ಹಾಕಿದ್ರೆ ಅದರಲ್ಲಿರೋ ಜಾರೋ ಅಂಶಕ್ಕೆ ಕ್ಲಚ್ ಸ್ಲಿಪ್ ಆಗೋ ಸಾಧ್ಯತೆ ಇದೆ.

ಹೊಸದಾಗಿ ಹಾಕಿದಾಗ ಎರಡೂ ಒಂದೇ ಥರ, ಗೇರ್ ಬೆಣ್ಣೆ ಹಾಗೆ ಬೀಳುತ್ತೆ. ವ್ಯತ್ಯಾಸ ಶುರುವಾಗೋದು ಎರಡೂವರೆ ಮೂರು ಸಾವಿರ ಕಿಲೋಮೀಟರ್ ಆದ್ಮೇಲೆ. ಗೇರ್ ಹಲ್ಲುಗಳ ನಡುವೆ ಸಿಕ್ಕಿ ಸಿಕ್ಕಿ ಆಯಿಲ್ ತನ್ನ ದಪ್ಪ ಕಳ್ಕೊಳ್ಳುತ್ತೆ, ಸೆಮಿಯಲ್ಲಿ ಅದು ಬೇಗ ಗೊತ್ತಾಯ್ತು ನನಗೆ, ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತು ಹೊರಟ್ರೆ ನ್ಯೂಟ್ರಲ್ ಹುಡ್ಕೋದೇ ಕಷ್ಟ, ಎರಡರಿಂದ ಒಂದಕ್ಕೆ ಬರೋವಾಗ ಟಕ್ ಅಂತ ಸದ್ದು. ಫುಲ್ಲಿ ಸಿಂಥೆಟಿಕ್‌ನಲ್ಲಿ ಆ ಮಟ್ಟಕ್ಕೆ ಬರೋ ಹೊತ್ತಿಗೆ ಐದು ಸಾವಿರ ಕಳೆದಿರುತ್ತೆ. ಸರ್ವಿಸ್ ಚಾರ್ಟ್ 7,500 ಅನ್ನುತ್ತೆ, ಹೈವೇ ಜಾಸ್ತಿ ಓಡಿಸೋರಿಗೆ ಅದು ಸರಿ ಇರಬಹುದು, ಬೆಂಗಳೂರಲ್ಲಿ ಓಡೋ ಹಳೇ ಗಾಡಿಗೆ ನಾನು ಐದು ಸಾವಿರಕ್ಕೇ ಆಯಿಲ್ ಇಳಿಸಿ ಹೊಸದು ಹಾಕ್ತೀನಿ. ದುಡ್ಡಿನ ಲೆಕ್ಕ ಹಾಕಿದ್ರೂ ಅಷ್ಟೇ, ಸುಮಾರು 1.7 ಲೀಟರ್ ಹಿಡಿಯುತ್ತೆ, ಸೆಮಿ ಹಾಕಿ ಮೂರು ಸಾವಿರಕ್ಕೊಂದು ಸಲ ಆಯಿಲ್, ಫಿಲ್ಟರ್, ಕೂಲಿ ಅಂತ ಕೊಟ್ರೆ ಉಳಿಯೋದು ಏನೂ ಇಲ್ಲ. ಹಾಗಾಗಿ ಇಲ್ಲಿ ಮಾತ್ರ ದುಬಾರಿದೇ ಗೆಲ್ಲುತ್ತೆ. ಫಿಲ್ಟರ್ ಜೊತೆ ಆಯಿಲ್ ಸ್ಕ್ರೀನ್ ಅಂತ ಒಂದು ಜಾಲರಿ ಇದೆ, ಅದನ್ನ ತೆಗೆದು ತೊಳೆದ್ರಾ ಅಂತ ಎದುರಿಗೆ ನಿಂತು ಕೇಳಿ, ಅದರಲ್ಲಿ ಮಿನುಗೋ ಲೋಹದ ಚೂರು ಕಂಡ್ರೆ ಸುಮ್ನೆ ಬಿಡ್ಬೇಡಿ. ಇಷ್ಟು ಓಡಿದ ಎಂಜಿನ್ ಆಯಿಲ್ ಸ್ವಲ್ಪ ಕುಡಿಯೋದು ಸಹಜ, ವಾರಕ್ಕೊಮ್ಮೆ ಗಾಡಿ ನೆಟ್ಟಗೆ ನಿಲ್ಲಿಸಿ ಲೆವೆಲ್ ನೋಡಿ.

ಬ್ರೇಕ್ ಪ್ಯಾಡ್ ಬಗ್ಗೆ ಉದ್ದ ಹೇಳೋದೇನಿಲ್ಲ. ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ ಹಿಡಿಯುತ್ತೆ, ಡಿಸ್ಕ್ ಕಮ್ಮಿ ಸವೆಯುತ್ತೆ, ಊರೊಳಗೆ ಓಡಿಸೋಕೆ ಸಾಕು. ಸಿಂಟರ್ಡ್ ಪ್ಯಾಡ್ ಲೋಹದ ಪುಡಿ ಒತ್ತಿ ಮಾಡಿರೋದು, ಒಂಚೂರು ಸದ್ದು ಮಾಡುತ್ತೆ, ಡಿಸ್ಕ್‌ನೂ ತಿನ್ನುತ್ತೆ, ಆದ್ರೆ ಒದ್ದೆ ಡಿಸ್ಕಲ್ಲೂ ಕಚ್ಚಿ ಹಿಡಿಯುತ್ತೆ, ಘಾಟ್ ಇಳಿಯೋವಾಗ ಬಿಸಿಯಾದ್ರೂ ಕೈ ಕೊಡಲ್ಲ. ಮುಂದೆ ಸಿಂಟರ್ಡ್, ಹಿಂದೆ ಆರ್ಗ್ಯಾನಿಕ್, ಇದು ಈಗ ನನ್ನ ಗಾಡಿಲಿ ಇರೋದು. ಹಾಕಿದ್ಮೇಲೆ ಮೊದಲ ಇನ್ನೂರು ಕಿಲೋಮೀಟರ್ ಮೆಲ್ಲಗೆ ಹಿಡಿದು ಹಿಡಿದು ಕೂರಿಸ್ಕೊಳ್ಳಿ, ಶಿರಾಡಿಗೆ ಹೊರಡೋ ಹಿಂದಿನ ರಾತ್ರಿ ಮಾತ್ರ ಹೊಸ ಪ್ಯಾಡ್ ಹಾಕಿಸ್ಬೇಡಿ.