ನಮ್ ವಾರ್ಡ್ ಆಕಾಂಕ್ಷಿಗಳ ಪಾಂಪ್ಲೆಟ್ ರಿವ್ಯೂ: ನೀರು, ಕಸ, ಚರಂಡಿ ಮಾತ್ರ

ಕಾರ್ಪೊರೇಟರ್ ಎಲೆಕ್ಷನ್‌ಗೆ ನಿಲ್ಬೇಕು ಅಂತಿರೋ ಮೂರು ಜನದ ಪಾಂಪ್ಲೆಟ್ ಗೇಟಿಗೆ ಸಿಕ್ಕಿಸಿ ಹೋಗಿದಾರೆ, ಹೆಸರು ಪಕ್ಷ ಎರಡೂ ಹೇಳಲ್ಲ, ಸುಮ್ನೆ ಜಗಳ ಯಾಕೆ. ಫೋಟೋ, ಕೈ ಮುಗಿಯೋದು, ದೇವಸ್ಥಾನದ ಜೀರ್ಣೋದ್ಧಾರ ಎಲ್ಲಾ ಬಿಟ್ಟು ಬರೀ ಸೌಲಭ್ಯದ ಬಗ್ಗೆ ಏನ್ ಬರ್ದಿದಾರೆ ಅಂತ ನೋಡಿ ಮಾರ್ಕ್ಸ್ ಹಾಕಿದೀನಿ. ಬೆಂಗಳೂರಲ್ಲಿ ಬಿಬಿಎಂಪಿ ಎಲೆಕ್ಷನ್ ಕೊನೇ ಸಲ ಆಗಿದ್ದು 2015ರಲ್ಲಿ, ಅವರ ಟರ್ಮ್ 2020ರ ಸೆಪ್ಟೆಂಬರ್‌ಗೆ ಮುಗೀತು, ಆಮೇಲೆ ಏನೇ ಇದ್ರೂ ಆಫೀಸರ್ ಇಲ್ಲಾ ಎಂಎಲ್ಎ. ಈಗ ಬಿಬಿಎಂಪಿನೇ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಬಂದಿದೆ, ಅದರ ಕೆಳಗೆ ಐದು ಕಾರ್ಪೊರೇಷನ್, 369 ವಾರ್ಡು. ಕಾರ್ಪೊರೇಟರ್ ಕೈಲಿ ಏನಿದೆ ಏನಿಲ್ಲ ಅಂತ ಜನಕ್ಕೆ ಮರ್ತೇ ಹೋಗಿದೆ, ಪಾಂಪ್ಲೆಟ್ ಬರೆಯೋರಿಗೆ ಅದೇ ಬೇಕಾಗಿರೋದು.

ಮೊದಲನೇದು ದಪ್ಪ ಗ್ಲಾಸಿ ಪೇಪರ್, ನಾಲ್ಕು ಪೇಜು. "ಪ್ರತಿ ಮನೆಗೆ 24 ಗಂಟೆ ಕಾವೇರಿ, ನೀರಿನ ಬಿಲ್ ಅರ್ಧ, ಕರೆಂಟ್ ಬಿಲ್ ಇಳಿಕೆ." ಸ್ವಾಮಿ, ನೀರು ಜಲಮಂಡಳಿದು, ಅದು ರಾಜ್ಯ ಸರ್ಕಾರದ ಕೆಳಗೆ ಬರುತ್ತೆ, 2025ರ ಏಪ್ರಿಲಲ್ಲಿ ನೀರಿನ ರೇಟ್ ಏರಿದ್ದೂ ಅಲ್ಲಿಂದಾನೇ. ಕರೆಂಟ್ ಬೆಸ್ಕಾಂದು, ಅದರ ದರ ಫಿಕ್ಸ್ ಮಾಡೋದು ಕೆಇಆರ್‌ಸಿ, ಅಂದ್ರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಕಾವೇರಿ ಐದನೇ ಹಂತ 2024ರ ಅಕ್ಟೋಬರಲ್ಲಿ ಶುರುವಾಯ್ತು, 775 ಎಂಎಲ್‌ಡಿ (ದಿನಕ್ಕೆ 77.5 ಕೋಟಿ ಲೀಟರ್), 2007ರಲ್ಲಿ ಊರೊಳಗೆ ಸೇರಿಸ್ಕೊಂಡ 110 ಹಳ್ಳಿಗೆ ಅಂತ, ಅದರಲ್ಲಿ ಕಾರ್ಪೊರೇಟರ್ ಮಾತು ಎಲ್ಲಿ ನಡೆಯುತ್ತೆ? ಆದ್ರೆ ನಮ್ ಬೀದಿ ಪ್ರಾಬ್ಲಮ್ಮೇ ಬೇರೆ. ನೀರು ಬಿಡ್ತಾರೆ, ಬಿಟ್ಟ ಹತ್ ನಿಮಿಷಕ್ಕೆ ಮೇಲಿನ ಕ್ರಾಸಲ್ಲಿ ಕೆಲವು ಮನೆಯವರು ಲೈನಿಗೇ ಮೋಟರ್ ಹಾಕಿ ಎಳ್ಕೋತಾರೆ, ಅವರ ಸಂಪು ತುಂಬಿ ರೋಡಿಗೆ ಹರೀತಿರುತ್ತೆ, ಇಲ್ಲಿ ನಮ್ ನಲ್ಲಿ ಬುಸ್ ಬುಸ್ ಅಂತ ಗಾಳಿ ಬಿಡ್ತಿರುತ್ತೆ. ಇಂಥದ್ದಕ್ಕೆ 5,000 ರೂಪಾಯಿ ಫೈನ್ ಇದೆ. ವಾಟರ್‌ಮ್ಯಾನ್‌ನ ಕರ್ಕೊಂಡು ಬಂದು ನಿಂತ್ಕೊಂಡು ಆ ಮೋಟರ್ ತೆಗೆಸೋದು ಕಾರ್ಪೊರೇಟರ್ ಆದವರು ಮಾಡಬಹುದಾದ ಕೆಲಸ, ಆದ್ರೆ ಅದನ್ನ ಬರೀಬೇಕು ಅಂದ್ರೆ ಮೇಲಿನ ಕ್ರಾಸ್ ವೋಟ್ ಹೋಗುತ್ತಲ್ಲ! ಐದಕ್ಕೆ ಒಂದು, ಅದೂ ಪೇಪರ್ ಕ್ವಾಲಿಟಿಗೆ.

ಎರಡನೇದು ಕಸದ ಬಗ್ಗೆ. "ಕಸದ ಶುಲ್ಕ ರದ್ದು" ಅಂತ ದಪ್ಪಕ್ಷರದಲ್ಲಿ ಹಾಕಿದಾರೆ. 2025ರ ಏಪ್ರಿಲಿಂದ ಪ್ರಾಪರ್ಟಿ ಟ್ಯಾಕ್ಸ್ ಜೊತೆ ಸೇರಿಸಿದಾರಲ್ಲ, ಮನೆಗಳಿಗೆ ಸೈಜ್ ನೋಡ್ಕೊಂಡು ತಿಂಗಳಿಗೆ 10 ರೂಪಾಯಿಂದ 400ರ ತನಕ, ಅದು. ಒಂದು ವಾರ್ಡಿನವರು ಕೂತು ರದ್ದು ಮಾಡೋಕೆ ಆಗಲ್ಲ, ಹಾಗೇ ಆಯ್ತು ಅಂತಾನೇ ಇಟ್ಕೊಳ್ಳಿ, ಟಿಪ್ಪರ್ ಡೀಸೆಲ್‌ಗೆ ದುಡ್ಡೆಲ್ಲಿಂದ ಅಂತ ಒಂದು ಲೈನೂ ಇಲ್ಲ. ಆದ್ರೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ಐಡಿಯಾ ಇದೆ ನೋಡಿ, ಸಖತ್ತಾಗಿದೆ: ಪಿಜಿ ಇರೋ ಬೀದಿಗಳಿಗೆ ಸಂಜೆ ಇನ್ನೊಂದ್ ರೌಂಡ್ ಆಟೋ. ಬೆಳಿಗ್ಗೆ ಆಟೋ ಬರೋ ಹೊತ್ತಿಗೆ ನೈಟ್ ಶಿಫ್ಟ್ ಹುಡುಗ್ರು ಮಲಗಿರ್ತಾರೆ, ಕವರು ರಾತ್ರಿ ಟ್ರಾನ್ಸ್‌ಫಾರ್ಮರ್ ಪಕ್ಕ ಬೀಳುತ್ತೆ, ಬೆಳಗ್ಗೆ ನಾಯಿ ಎಳೆದಾಡಿ ಪೌರಕಾರ್ಮಿಕರಿಗೆ ಡಬಲ್ ಕೆಲಸ. ಇದು ಗೊತ್ತಿರೋರು ಬೀದೀಲಿ ಓಡಾಡಿರೋರೇ. ಎರಡೂವರೆ.

ಮೂರನೇದು ಜೆರಾಕ್ಸ್, ಒಂದೇ ಪೇಜು, ಪಕ್ಷೇತರ ನಿಲ್ತಿರೋ ರಿಟೈರ್ಡ್ ಟೀಚರ್ ಮೇಡಂದು. ಲೈಟ್ ಉರಿಯದಿರೋ ಕಂಬಗಳ ನಂಬರ್ ಹಾಕಿದಾರೆ, ನಮ್ ಮನೆ ಮುಂದಿನ ಕಂಬಾನೂ ಇದೆ! ಮ್ಯಾನ್‌ಹೋಲ್ ಉಕ್ಕಿದ್ರೆ ಜಲಮಂಡಳಿಗೆ, ಮಳೆನೀರು ಚರಂಡಿ ಕಟ್ಕೊಂಡ್ರೆ ಕಾರ್ಪೊರೇಷನ್‌ಗೆ ಫೋನ್ ಮಾಡಿ ಅಂತ ಎರಡೂ ಬೇರೆ ಬೇರೆ ಬರ್ದಿದಾರೆ, ಇದು ಗೊತ್ತಿಲ್ದೆ ಎಷ್ಟ್ ಜನ ಅಲ್ಲಿಂದ ಇಲ್ಲಿಗೆ ಅಲೆದಿದಾರೋ. ರೋಡ್ ವಿಷಯದಲ್ಲಿ ಒಂದೇ ಮಾತು: ಡಾಂಬರ್ ಹಾಕೋ ಮುಂಚೆ ನೀರು, ಯುಜಿಡಿ (ಒಳಚರಂಡಿ), ಕೇಬಲ್‌ನವರನ್ನ ವಾರ್ಡ್ ಕಮಿಟಿ ಮೀಟಿಂಗಿಗೆ ಕರೆಸಿ "ಅಗೆಯೋದಿದ್ರೆ ಈಗ್ಲೇ ಅಗೀರಿ" ಅಂತ ಬರೆಸ್ಕೋತೀನಿ. ಅಷ್ಟೇ. ಇದಕ್ಕೆ ಕೋಟಿ ಬೇಡ, ಬೆನ್ನು ಹತ್ತಿ ಮಾಡ್ಸೋರು ಬೇಕು. ಒಂದೇ ಬೇಜಾರು, ಖರ್ಚಿನ ಬಗ್ಗೆ ಎಲ್ಲೂ ಒಂದು ಅಂಕಿ ಇಲ್ಲ, ಪಾರ್ಕಲ್ಲಿ ಇಂಗುಗುಂಡಿ ಅಂತಾರೆ, ಯಾವ ದುಡ್ಡಲ್ಲಿ ಅಂತ ಹೇಳಿಲ್ಲ, ಮನೆ ಹತ್ರ ಬಂದಾಗ ಕೇಳ್ಬೇಕು. ಸದ್ಯಕ್ಕೆ ನಾಲ್ಕು.