ಶಾಂತವೇರಿ ಗೋಪಾಲಗೌಡರನ್ನು ಸದನದ ಪುಟಗಳಲ್ಲೇ ಓದಿಸುವ ಗ್ರಂಥಾಲಯ ಸೇವೆ

ಬೆಂಗಳೂರಿನ ಗ್ರಂಥಾಲಯವೊಂದು ವಿಧಾನಸಭೆಯ ಹಳೆಯ ನಡವಳಿ ಸಂಪುಟಗಳನ್ನು ಓದಲು ಕೊಡುತ್ತಿದ್ದು, ಶಾಂತವೇರಿ ಗೋಪಾಲಗೌಡರ ರಾಜಕೀಯ ಜೀವನವನ್ನು ಅರಿಯಬಯಸುವವರಿಗೆ ಈ ಸೇವೆ ಬಹಳ ಉಪಯುಕ್ತವಾಗಿದೆ. 1951ರಲ್ಲಿ ಗೇಣಿದಾರ ರೈತರು ನಡೆಸಿದ ಕಾಗೋಡು ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಸಾಗರ–ಹೊಸನಗರದಿಂದ ಆಯ್ಕೆಯಾಗಿ, 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದುಬಂದ ಈ ಸಮಾಜವಾದಿ ನಾಯಕರು ಗೇಣಿದಾರರ ಹಕ್ಕಿಗಾಗಿ, ಆಡಳಿತದಲ್ಲಿ ಕನ್ನಡಕ್ಕಾಗಿ ಎತ್ತಿದ ದನಿಯನ್ನು ಕಲಾಪದ ಪುಟಗಳಲ್ಲೇ ಓದುವುದು, ನನ್ನ ಮಟ್ಟಿಗೆ, ಅವರ ಬಗ್ಗೆ ಬಂದಿರುವ ಎಷ್ಟೋ ಲೇಖನಗಳಿಗಿಂತ ಮೇಲು. ನಡುವೆ ಬಂದ ಅಡ್ಡಮಾತುಗಳೂ ಸಭಾಧ್ಯಕ್ಷರ ಸೂಚನೆಗಳೂ ಅಲ್ಲಿ ಹಾಗೆಯೇ ಅಚ್ಚಾಗಿವೆ. ಹಾಳೆಗಳು ಹಳದಿಗಟ್ಟಿ, ಅಂಚು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿವೆ. ಅಧಿವೇಶನದ ದಿನಾಂಕ ತಿಳಿಸಿದರೆ ಸಿಬ್ಬಂದಿಯೇ ಸಂಪುಟವನ್ನು ಹುಡುಕಿಕೊಡುತ್ತಾರೆ. ಜೆರಾಕ್ಸ್‌ಗೆ ಅವಕಾಶವಿಲ್ಲದ ಕಾರಣ ಟಿಪ್ಪಣಿ ಪುಸ್ತಕವನ್ನು ಜೊತೆಗೆ ಒಯ್ಯಬೇಕು.