ಫೋನಿಗೆ ಕೀಬೋರ್ಡ್ ಬೇಕಾ? ಮಡಚುವುದು ಬಿಡಿ, ಕೆ380 ನೋಡಿ

ಮೊದಲೇ ಹೇಳಿಬಿಡುತ್ತೇನೆ, ಜೇಬಿನಲ್ಲಿ ಹಿಡಿಸುವ ಮಡಚುವ ಕೀಬೋರ್ಡ್ ನೋಡಿ ಮರುಳಾಗಬೇಡಿ. ಅಂಗಡಿಯಲ್ಲಿ ಬಿಡಿಸಿ ತೋರಿಸಿದಾಗ ಚೆಂದ ಕಾಣುತ್ತದೆ, ಒಪ್ಪಿದೆ. ಆದರೆ ಹಾಗೆ ಮಡಚುವುದಕ್ಕಾಗಿ ಎಷ್ಟೋ ಮಾಡೆಲ್‌ಗಳಲ್ಲಿ ಸ್ಪೇಸ್‌ಬಾರನ್ನೇ ಎರಡು ತುಂಡು ಮಾಡಿರುತ್ತಾರೆ, ಕೆಲವು ಕೀಗಳನ್ನು ಕಿರಿದು ಮಾಡಿ ಮೂಲೆಗೆ ತಳ್ಳಿರುತ್ತಾರೆ. ಮೇಜು ಇದ್ದರೆ ಹೇಗೋ ನಡೆಯುತ್ತದೆ. ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡರೆ ನಡುವೆ ಕುಸಿಯುತ್ತದೆ, ಅಷ್ಟೇ. ಮೇಜಿದ್ದ ಕಡೆಯೇ ಕೂರೋದಾದರೆ ಇಷ್ಟೆಲ್ಲ ಯಾಕೆ, ಅಲ್ವಾ?

ನಾನು ಬಳಸುತ್ತಿರುವುದು ಲಾಜಿಟೆಕ್ ಕೆ380. ಬ್ಲೂಟೂತ್ ಕೀಬೋರ್ಡ್, ಬ್ಯಾಟರಿ ಸೇರಿ ತೂಕ ಸುಮಾರು 423 ಗ್ರಾಂ, ಉದ್ದ 28 ಸೆಂಟಿಮೀಟರ್‌ನಷ್ಟು. ಜೇಬಿಗೆ ಬರುವುದಿಲ್ಲ, ಹೆಗಲ ಚೀಲಕ್ಕೆ ಆರಾಮಾಗಿ ಬರುತ್ತದೆ. ಒಂದೇ ಗಟ್ಟಿ ಹಲಗೆ ಆದ್ದರಿಂದ ತೊಡೆ ಮೇಲೂ ಬಾಗುವುದಿಲ್ಲ. ಎರಡು ಸಣ್ಣ ಎಎಎ ಸೆಲ್ ಹಾಕಬೇಕು, ಎರಡು ವರ್ಷದವರೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಚಾರ್ಜರ್ ಗೋಜಿಲ್ಲ, ಸೆಲ್ ಮುಗಿದರೆ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಮೂರು ಸಾಧನಗಳಿಗೆ ಜೋಡಿಸಿಟ್ಟು ಒಂದೊಂದು ಕೀ ಒತ್ತಿ ಬದಲಿಸಬಹುದು. ಫೋನಿನಲ್ಲಿ ಬರೆಯುತ್ತಾ ನಡುವೆ ಲ್ಯಾಪ್‌ಟಾಪಿಗೆ ಹೋಗಿ ಬರುವ ನನ್ನಂಥವರಿಗೆ ಇದು ನಿಜಕ್ಕೂ ಉಪಯೋಗ.

ಕೊರತೆ ಇಲ್ಲ ಅಂತಲ್ಲ. ಕೀಗಳು ದುಂಡಗಿವೆ, ಮೊದಮೊದಲು ಬೆರಳು ಅಂಚಿಗೆ ಹೋಗುತ್ತದೆ. ಕೀ ಕೆಳಗೆ ಬೆಳಕಿಲ್ಲ. ಫೋನ್ ನಿಲ್ಲಿಸಲು ಜಾಗ ಇಲ್ಲ, ಸ್ಟ್ಯಾಂಡ್ ಬೇರೆ ಕೊಳ್ಳಬೇಕು. ಅದೇ ಕಂಪನಿಯ ಕೆ480ಯಲ್ಲಿ ಫೋನು, ಟ್ಯಾಬ್ಲೆಟ್ ಒರಗಿಸಿ ನಿಲ್ಲಿಸಲು ಒಂದು ಉದ್ದದ ತೋಡು ಕೊರೆದಿದ್ದಾರೆ, ಆದರೆ ಅದರ ತೂಕ 820 ಗ್ರಾಂ. ಅಷ್ಟು ಹೊರುವ ಬದಲು ಸಣ್ಣ ಸ್ಟ್ಯಾಂಡೇ ವಾಸಿ.

ಈಗ ಮುಖ್ಯ ವಿಷಯ, ಕನ್ನಡ. ಕೀಬೋರ್ಡಿಗೆ ಯಾವ ಭಾಷೆಯೂ ಗೊತ್ತಿಲ್ಲ. ಯಾವ ಕೀ ಒತ್ತಿದಿರಿ ಅಂತ ಮಾತ್ರ ಅದು ಫೋನಿಗೆ ಹೇಳುತ್ತದೆ, ಅಕ್ಷರ ಯಾವುದು ಅಂತ ತೀರ್ಮಾನ ಮಾಡುವುದು ಫೋನು. ಹಾಗಾಗಿ ಎಷ್ಟು ದುಬಾರಿ ಕೀಬೋರ್ಡ್ ತಂದರೂ ಕನ್ನಡದ ತೊಂದರೆ ಅದರಿಂದ ಬಗೆಹರಿಯುವುದಿಲ್ಲ. ಪರದೆಯ ಮೇಲಿನ ಕೀಬೋರ್ಡಿನಲ್ಲಿ ಕನ್ನಡ ಚೆನ್ನಾಗಿ ಮೂಡುತ್ತಿದೆ ಎಂದ ಮಾತ್ರಕ್ಕೆ ಹೊರಗಿನ ಕೀಬೋರ್ಡಿನಲ್ಲೂ ಮೂಡುತ್ತದೆ ಅಂತೇನಿಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಫಿಸಿಕಲ್ ಕೀಬೋರ್ಡ್ ಅಂತ ಬೇರೆಯೇ ಜಾಗ ಇದೆ, ಯಾವ ಕೀಗೆ ಯಾವ ಅಕ್ಷರ ಎನ್ನುವ ವಿನ್ಯಾಸವನ್ನು ಅಲ್ಲಿ ಆರಿಸಬೇಕು, ಅಲ್ಲಿ ಏನೇನು ಸಿಗುತ್ತದೆ ಎನ್ನುವುದು ಫೋನಿನಿಂದ ಫೋನಿಗೆ, ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ‘ನುಡಿ’ ತಂತ್ರಾಂಶದ ವಿನ್ಯಾಸ ಕಲಿತವರಿಗೆ ಒತ್ತಕ್ಷರ ಮಾಡಲು ಎಫ್ ಕೀ ಬೇಕು, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದವರಿಗೆ ಅದೇ ಕೆಲಸಕ್ಕೆ ಡಿ. ನಿಮ್ಮ ಬೆರಳಿಗೆ ರೂಢಿಯಾದದ್ದು ಸಿಗದಿದ್ದರೆ ಕೀಬೋರ್ಡ್ ಇಂಗ್ಲಿಷಿಗಷ್ಟೇ ಆದೀತು.

ಅದಕ್ಕೇ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲೋ ಆಫೀಸಿನಲ್ಲೋ ಇರುವ ಯಾವುದಾದರೂ ಹಳೆ ಯುಎಸ್‌ಬಿ ಕೀಬೋರ್ಡನ್ನು ಒಟಿಜಿ ಅಡಾಪ್ಟರ್ (ಯುಎಸ್‌ಬಿ ಸಾಧನವನ್ನು ಫೋನಿಗೆ ಜೋಡಿಸುವ ಸಣ್ಣ ಕೊಂಡಿ) ಹಾಕಿ ಫೋನಿಗೆ ಚುಚ್ಚಿ. ಕನ್ನಡದಲ್ಲಿ ಒಂದು ಪ್ಯಾರಾ ಹೊಡೆಯಿರಿ. ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಬಂದರೆ ಬ್ಲೂಟೂತ್‌ನಲ್ಲೂ ಬರುತ್ತದೆ ಅಂತ ಧೈರ್ಯವಾಗಿ ಕೊಳ್ಳಬಹುದು. ಮನೆಯೊಳಗೆ ಮಾತ್ರ ಬರೆಯುವವರಾದರೆ ಆ ಹಳೇದೇ ಸಾಕು, ಸುಮ್ನೆ ಖರ್ಚು ಬೇಡ.

ಕೀಗಳ ಮೇಲೆ ಕನ್ನಡ ಅಕ್ಷರ ಬೇಕೇಬೇಕು ಅನ್ನುವವರಿಗೆ ಮಾತ್ರ ಕೆ380 ಸ್ವಲ್ಪ ಕಿರಿಕಿರಿ. ಚೌಕದ ಸ್ಟಿಕ್ಕರ್ ಅಂಟಿಸಿದರೆ ದುಂಡು ಕೀಯಿಂದ ಮೂಲೆಗಳು ಆಚೆ ಬರುತ್ತವೆ, ಕತ್ತರಿಸಿಕೊಂಡೇ ಅಂಟಿಸಬೇಕು. ಇನ್ನೊಂದು, ಚೀಲಕ್ಕೆ ಹಾಕುವಾಗ ಪಕ್ಕದ ಸ್ವಿಚ್ ಆಫ್ ಮಾಡಿ. ಇಲ್ಲದಿದ್ದರೆ ಒಳಗೆ ಕೀ ಒತ್ತಿಕೊಂಡು, ಫೋನಿನಲ್ಲಿ ತೆರೆದಿಟ್ಟ ಚಾಟ್‌ಗೆ ಏನೇನೋ ಹೋಗಿಬಿಟ್ಟೀತು.